ಬಲಗಡೆಯ ಚಾನೆಲ್

ಮಾರ್ಚ್ 4. ಬೆಳಿಗ್ಗೆ 7

ಹಳೇ ನಾಟಕದ ವಿಡಿಯೋ ಕುಗ್ಗಿಸುವ ಹನ್ನೊಂದನೇ ಟೆಸ್ಟ್ ಮುಗಿಯಿತು. ಅದೇ ದೃಶ್ಯ, ಅದೇ ಎರಡು ನಿಮಿಷ. ನಾನು ಸೇನಾಪತಿ. ಕೈಗೆ ಸರಪಳಿ, ಎದುರಿಗೆ ರಾಜ, ಹಿಂದೆ ಕೆಂಪು ಪರದೆ. ಗರ್ಜನೆ!

ಎಚ್ 264 ಎಂಬ ಫಾರ್ಮ್ಯಾಟಿನಲ್ಲಿ ಹಾಕಿದರೆ ಚಿತ್ರ ಚೆನ್ನ, ಫೈಲ್ ಮಾತ್ರ ಆನೆಮರಿ. ಎಚ್ 265ರಲ್ಲಿ ಅರ್ಧಕ್ಕರ್ಧ ಇಳಿಯುತ್ತದೆ, ಆದರೆ ಬಿಗಿ ಜಾಸ್ತಿಯಾದರೆ ಕೆಂಪು ಪರದೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಎವಿ 1 ಇನ್ನೂ ಚಿಕ್ಕದಂತೆ. ಹೌದಪ್ಪ, ಚಿಕ್ಕದೇ. ಆದರೆ ಎರಡು ನಿಮಿಷದ ದೃಶ್ಯಕ್ಕೆ ನನ್ನ ಮುದಿ ಕಂಪ್ಯೂಟರ್ ಒಂದು ಗಂಟೆ ಹತ್ತು ನಿಮಿಷ ಏದುಸಿರು ಬಿಟ್ಟಿತು. ಒಟ್ಟು ಮೂವತ್ತಾರು ಗಂಟೆಯ ನಾಟಕಗಳಿವೆ. ಹಗಲಿರುಳು ಓಡಿದರೂ ಐವತ್ತೆರಡು ದಿನ. ಮಗಳಿಗೆ ದಿನ ತುಂಬುವುದು ಏಪ್ರಿಲ್ ಇಪ್ಪತ್ತಕ್ಕೆ.

ನನ್ನ ಹೆಂಡತಿ ಕಾಫಿ ತಂದಿಟ್ಟಳು. ಸ್ಕ್ರೀನ್ ನೋಡಿದಳು. ಸ್ಲೇಟ್ ಎತ್ತಿಕೊಂಡು ಬರೆದಳು - “ಇವತ್ತೂ ನಿಮ್ಮನ್ನ ಗಲ್ಲಿಗೆ ಹಾಕಲಿಲ್ವಾ?”

ಮಾರ್ಚ್ 6

ಈ ಪಾಡೆಲ್ಲ ಯಾತಕ್ಕೆಂದು ಇಲ್ಲಿ ಬರೆದಿಟ್ಟೇ ಇಲ್ಲ.

ಇವಳ ಆಪರೇಷನ್ ಆಗಿ ಹದಿನಾಲ್ಕು ತಿಂಗಳು. ಗಂಟಲಿನ ಗಂಟಿನ ಜೊತೆಗೆ ದನಿಯ ಪೆಟ್ಟಿಗೆಯನ್ನೂ ತೆಗೆದರು. ಪ್ರಾಣ ಉಳಿಯಿತು. ಅಂದಿನಿಂದ ಸ್ಲೇಟು. ಹೋದ ತಿಂಗಳು ಮಗಳ ಫೋನ್ ಬಂದ ಮೇಲೆ ಇವಳು ಬರೆದದ್ದು ಇಷ್ಟೇ - “ಮಗು ನನ್ನ ದನಿ ಕೇಳಬೇಕು. ಎಲ್ಲಾದ್ರೂ ಇದೆಯಾ?”

ಇಲ್ಲದೆ ಏನು! ಎದೆ ತಟ್ಟಿ ಕೂಗಿದೆ. ಮೂವತ್ತಾರು ಗಂಟೆ ಇದೆ ಕಣೇ!

ಬೇರೆಲ್ಲೂ ಇಲ್ಲ, ನಿಜ. ಮನೆಯಲ್ಲಿ ಕ್ಯಾಮೆರಾ ಹಿಡಿದರೆ ಬಾಯಿಗೆ ಸೆರಗು. ಫೋನಿನಲ್ಲಿ ಕಳಿಸಿದ್ದೆಲ್ಲ ಟೈಪ್ ಮಾಡಿದ್ದು. ಆದರೆ ನಮ್ಮ ತಂಡಕ್ಕೆ ಇಪ್ಪತ್ತಾರು ವರ್ಷ ಇವಳೇ ಪ್ರಾಂಪ್ಟರ್. ಸೈಡ್‌ವಿಂಗಿನಲ್ಲಿ ಸ್ಟೂಲು, ತೊಡೆಯ ಮೇಲೆ ಸ್ಕ್ರಿಪ್ಟು. ನಟ ತಡವರಿಸಿದರೆ ಇವಳ ಪಿಸುದನಿ ನೇರ ಅವನ ಕಿವಿಗೇ ಬಂದು ಬೀಳುತ್ತಿತ್ತು, ಮೊದಲ ಸಾಲಿನಲ್ಲಿ ಕೂತವನಿಗೂ ಕೇಳಿಸುತ್ತಿರಲಿಲ್ಲ. ಆಹಾ, ಎಂಥ ವಿದ್ಯೆ!

ನಾಟಕ ರೆಕಾರ್ಡ್ ಮಾಡಿದ್ದ ಟೇಪುಗಳಿಗೆ ಬೂಷ್ಟು ಹಿಡಿದು ಎಸೆದಾಯಿತು. ಅವನ್ನೆಲ್ಲ ಅದಕ್ಕೂ ಮೊದಲೇ ಈ ಡಿಸ್ಕಿಗೆ ಇಳಿಸಿದವನು ಇವಳ ತಮ್ಮ. ಟಿವಿ ಮೆಕ್ಯಾನಿಕ್. ಊರಿಗೆಲ್ಲ ಅವನು ಸೋಲ್ಡರ್. ಈಗ ಡಿಸ್ಕು ಕಂಠಮಟ್ಟ ತುಂಬಿದೆ, ಆ ಹಳೇ ಫೈಲುಗಳು ಮಗಳ ಟಿವಿಯಲ್ಲಿ ಓಡುವುದೂ ಇಲ್ಲ. ಅದಕ್ಕೇ ಈ ಸಾಹಸ.

ಮಾರ್ಚ್ 9. ಮಧ್ಯಾಹ್ನ

ತೀರ್ಮಾನ! ಎಚ್ 265. ಗುಣಮಟ್ಟದ ನಂಬರ್ 20. ಅಂಕಿ ಇಳಿದಷ್ಟೂ ಚಿತ್ರ ಏರುತ್ತದೆ, ಈ ತಲೆಕೆಳಗು ಲೆಕ್ಕ ತಲೆಗೆ ಹತ್ತಲು ಒಂದು ವಾರ ಹಿಡಿಯಿತು. ಪರದೆ ಒಡೆಯಲಿಲ್ಲ. ಸೇನಾಪತಿಯ ಮೀಸೆಯ ಒಂದೊಂದು ಕೂದಲೂ ಸ್ಪಷ್ಟ.

ಸೋಲ್ಡರ್ ಫೋನ್ ಮಾಡಿದ್ದ. ಕೆಲಸದ ಮೇಲೆ ಹತ್ತು ದಿನ ಬೇರೆ ಊರಿನಲ್ಲಿದ್ದಾನೆ.

“ಭಾವ, ಪಿಕ್ಚರ್ ಪಿಕ್ಚರ್ ಅಂತ ಸಾಯ್ತಿದೀರಲ್ಲ, ಸೌಂಡ್ ನೋಡಿದ್ರಾ?”

“ನನ್ನ ಸೌಂಡ್ ಬೇರೆ ನೋಡ್ಬೇಕೇನೋ? ಮೂರನೇ ಬೀದಿಗೆ ಕೇಳತ್ತೆ.”

“ಅದೇ ಕಷ್ಟ. ಹಳೇ ಫೈಲ್ ಮಾತ್ರ ನಾನು ಬರೋವರೆಗೂ ಮುಟ್ಟಬೇಡಿ, ಆಯ್ತಾ?”

ಆಯ್ತು ಮಾರಾಯ ಅಂದೆ. ಹೆಡ್‌ಫೋನ್ ಹಾಕಿ ಸೌಂಡನ್ನೂ ನೋಡಿದೆ. ಅದೇ ಎರಡು ನಿಮಿಷ. ಎಡಗಿವಿಯಲ್ಲಿ ನನ್ನ ಗುಡುಗು. ಬಲಗಿವಿಯಲ್ಲಿ ಬರೀ ಸ್ಸ್ಸ್… ಬಲಗಡೆಯ ಚಾನೆಲ್ ಸತ್ತಿದೆ. ಹೆಣ ಹೊತ್ತು ತಿರುಗುವುದು ಯಾಕೆ? “ಎಡ ಚಾನೆಲ್ ಮಾತ್ರ” ಎಂಬಲ್ಲಿ ಟಿಕ್ ಹಾಕಿದೆ. ಹೊಸ ಫೈಲುಗಳಿಗೆ ಡಿಸ್ಕಿನಲ್ಲಿ ಜಾಗವಿಲ್ಲ ಎಂದಿತು ಕಂಪ್ಯೂಟರ್. “ಮುಗಿದ ಮೇಲೆ ಮೂಲ ಫೈಲ್ ಅಳಿಸು” - ಅಲ್ಲೂ ಒಂದು ಟಿಕ್. ಸೋಲ್ಡರ್ ಬೇಡ ಅಂದಿದ್ದ, ನಿಜ, ಆದರೆ ರಂಗಕ್ಕೆ ಬಂದ ಮೇಲೆ ಗ್ರೀನ್‌ರೂಮಿನ ಕಡೆ ತಿರುಗಿ ನೋಡುವ ಜಾತಿ ನನ್ನದಲ್ಲ.

ಶುರು ಒತ್ತಿದೆ. ಇವಳು ಹಿಂದೆ ನಿಂತು ಚಪ್ಪಾಳೆ ತಟ್ಟಿದಳು.

ಮಾರ್ಚ್ 17

ಮುಗಿಯಿತು. ಇಪ್ಪತ್ತೆರಡು ನಾಟಕ, ಮೂವತ್ತಾರು ಗಂಟೆ. ಡಿಸ್ಕಿನ ಹೊಟ್ಟೆ ಬೆನ್ನಿಗೆ ಹತ್ತಿದೆ. ಒಂದೊಂದನ್ನೂ ತೆರೆದು ಅಲ್ಲಲ್ಲಿ ನೋಡಿದೆ. ಏನು ಬಣ್ಣ, ಏನು ಬೆಳಕು!

ನಾಳೆಯಿಂದ ಇವಳ ದನಿ ಇರುವ ತುಣುಕುಗಳನ್ನು ಆರಿಸಿ ಒಂದು ಮಾಲೆ ಮಾಡಬೇಕು.

ಮಾರ್ಚ್ 18. ಸಂಜೆ

ಮೂರು ನಾಟಕ ಪೂರ್ತಿ ಕೇಳಿದೆ. ಸಿಗಲಿಲ್ಲ. ಎಲ್ಲ ಕಡೆ ನಾನೇ.

ಮಾರ್ಚ್ 19

ಏಳು ನಾಟಕ. ಹೆಡ್‌ಫೋನಿನಿಂದ ಕಿವಿ ಕೆಂಪಾಗಿದೆ. ಎಲ್ಲೋ ಒಂದು ಕಡೆ ಇವಳೇ ಅನಿಸಿತು. ಹಿಂದಕ್ಕೆ ಎಳೆದು ಕೇಳಿದೆ. ಫ್ಯಾನು.

ಮಾರ್ಚ್ 20

ಸೋಲ್ಡರ್ ಬಸ್ಸಿಳಿದವನು ನೇರ ಇಲ್ಲಿಗೇ ಬಂದ. ಇವಳು ಔಷಧಿ ತರಲು ಹೋಗಿದ್ದಳು, ಸದ್ಯ. ಬ್ಯಾಗು ಹೆಗಲ ಮೇಲಿದ್ದ ಹಾಗೇ ಫೈಲ್ ತೆರೆದು ನೋಡಿದ. ಮುಖ ಬಿಳುಚಿತು.

“ಭಾವ, ಬಲಗಡೆ ಚಾನೆಲ್ ಎಲ್ಲಿ?”

“ಸತ್ತುಹೋಗಿತ್ತಲ್ಲೋ. ಬರೀ ಸದ್ದು.”

“ಅದು ಅಕ್ಕನ ಮೈಕು.”

ಎಡಗಡೆಗೆ ಸ್ಟೇಜಿನ ಮೈಕು. ಬಲಗಡೆಗೆ ಇವಳ ಸ್ಟೂಲಿನ ಕೆಳಗೆ ಒಂದು ಪುಟ್ಟ ಮೈಕು. ಇಪ್ಪತ್ತೆರಡು ನಾಟಕಕ್ಕೂ ಅವನೇ ಕಟ್ಟಿದ್ದನಂತೆ. ನನಗೆ ಗೊತ್ತೇ ಇರಲಿಲ್ಲ.

“ನಿಮಗೆ ಹೇಳಿದ್ರೆ ಕಿತ್ತು ಬಿಸಾಕ್ತಿದ್ರಿ. ಮಾತು ಮರೆಯೋರು ನೀವುಗಳು, ಪರದೆ ಬಿದ್ದ ಮೇಲೆ ‘ಪ್ರಾಂಪ್ಟರ್ ನಿದ್ದೆ ಮಾಡ್ತಿದ್ಲು’ ಅಂತ ಅಕ್ಕನ ಮೇಲೆ ಕೂಗಾಡೋದು. ಪ್ರತೀ ಶೋಗೂ ಅದೇ ಜಗಳ. ಯಾರು ಮರೆತ್ರು, ಯಾರು ಹೇಳಿಕೊಟ್ರು ಅಂತ ಒಂದು ಸಾಕ್ಷಿ ಇರ್ಲಿ ಅಂತ ಹಾಕಿದ್ದೆ.”

“ನಾನು ಕೇಳಿದೆನಲ್ಲೋ… ಸೇನಾಪತಿ ದೃಶ್ಯ ಹಾಕಿ ಕೇಳಿದೆ. ಏನೂ ಇರಲಿಲ್ಲ.”

“ಆ ಸೀನು ನಿಮಗೆ ಬಾಯಿಪಾಠ ಭಾವ. ಅಲ್ಲಿ ಅಕ್ಕ ಬಾಯೇ ಬಿಡ್ತಿರಲಿಲ್ಲ. ಬೇರೆ ಯಾವ ಸೀನ್ ಹಾಕಿದ್ರೂ ಸಿಕ್ಕಿರೋಳು.”

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 24

ಸೋಲ್ಡರ್ ಡಿಸ್ಕನ್ನು ಅಂಗಡಿಗೆ ಒಯ್ದು ನಾಲ್ಕು ದಿನ ಕೂತ. ಅಳಿಸಿದ ಜಾಗದ ಮೇಲೆಯೇ ಹೊಸ ಫೈಲುಗಳು ಕೂತಿವೆ, ಮಿಕ್ಕ ಜಾಗವನ್ನು ಡಿಸ್ಕೇ ತನ್ನಷ್ಟಕ್ಕೆ ಒರೆಸಿಕೊಂಡಿದೆ. ಸಿಕ್ಕಿದ್ದು ಒಂಬತ್ತು ಚೂರು. ಹಸಿರು ಚೌಕಗಳು, ಗರಗರ. ಇವಳು ಒಂದರಲ್ಲೂ ಇಲ್ಲ.

ಇವಳು ದಿನಾ ಕೇಳುತ್ತಾಳೆ. ಕೇಳುವುದೆಂದರೆ ಕಿವಿ ಮುಟ್ಟಿ ಹುಬ್ಬೇರಿಸುತ್ತಾಳೆ. ಆಗ್ತಾ ಇದೆ ಅನ್ನುತ್ತೇನೆ. ನಲವತ್ತು ವರ್ಷ ನಟ. ಈ ಎರಡು ಪದ ಬಾಯಿಂದ ಸರಿಯಾಗಿ ಬರುತ್ತಿಲ್ಲ.

ಮಾರ್ಚ್ 30. ಬೆಳಿಗ್ಗೆ

ಹೇಳಿದೆ.

ಅಡುಗೆಮನೆಯಲ್ಲಿ. ಬೇಳೆ ಆರಿಸುತ್ತಿದ್ದಳು. ಹೇಗೆ ಹೇಳಬೇಕೆಂದು ಐದು ದಿನ ತಾಲೀಮು ನಡೆಸಿದ್ದೆ, ಒಂದು ಸಾಲೂ ನೆನಪಿಗೆ ಬರಲಿಲ್ಲ. ಟಿಕ್ ಹಾಕಿದೆ, ಅಳಿಸಿದೆ, ಏನೂ ಉಳಿದಿಲ್ಲ ಎಂದೆ.

ತಟ್ಟೆ ಪಕ್ಕಕ್ಕಿಟ್ಟಳು. ಸ್ಲೇಟು ತೆಗೆದುಕೊಂಡಳು. ನಿಧಾನವಾಗಿ ಬರೆದಳು, ದುಂಡಗೆ.

“ನಿಮ್ಮದು ಇದೆಯಲ್ಲ.”

ಬಟ್ಟೆಯಿಂದ ಒರೆಸಿದಳು. ಮತ್ತೆ ಬೇಳೆಗೆ ಕೈ ಹಾಕಿದಳು.

ಏಪ್ರಿಲ್ 3

ನಾಲ್ಕು ದಿನವಾಯಿತು. ಸ್ಲೇಟು ಕಿಟಕಿಯ ಹತ್ತಿರ ಗೋಡೆಗೆ ಒರಗಿದೆ. ಮುಟ್ಟಿಲ್ಲ. ಊಟ ಬಡಿಸುತ್ತಾಳೆ, ನೀರು ಇಡುತ್ತಾಳೆ, ಒಳಗೆ ಹೋಗುತ್ತಾಳೆ. ಸೋಲ್ಡರ್ ಬಂದು ಏನೋ ತಮಾಷೆ ಮಾಡಿದ. ಅವನಿಗೂ ಏನೂ ಬರೆಯಲಿಲ್ಲ.

ಮಗಳಿಗೆ ಫೋನ್ ಮಾಡಿ ಹೇಳಿದೆ. “ಅಪ್ಪಾ…” ಅಂದಳು. ಆಮೇಲೆ ಅಳುವುದು ಕೇಳಿಸಿತು. ಈ ಸಮಯದಲ್ಲಿ ಅಳಬಾರದಮ್ಮ ಎಂದೆ. ಎಂಥ ಮಾತು! ಅಳಿಸಿದವನೇ ನಾನು.

ಏಪ್ರಿಲ್ 6

ಬೇರೆ ಕೆಲಸ ತೋಚದೆ ಮತ್ತೆ ಕೇಳುತ್ತ ಕೂತೆ. ಆಗ ಗೊತ್ತಾಯಿತು. ಅಲ್ಲಲ್ಲಿ ನಾನು ನಿಂತುಬಿಡುತ್ತೇನೆ. ಸಾಲಿನ ನಡುವೆ. ಎರಡು ಸೆಕೆಂಡು, ಮೂರು ಸೆಕೆಂಡು, ಒಂದು ಕಡೆ ಏಳು. ಕೈ ಎತ್ತಿದ್ದೇನೆ, ಎದೆ ಉಬ್ಬಿಸಿದ್ದೇನೆ. ಜನ ಭಾವಾವೇಶ ಅಂದುಕೊಂಡು ಉಸಿರು ಬಿಗಿಹಿಡಿದಿದ್ದಾರೆ. ಆಮೇಲೆ ಗುಡುಗು, ಚಪ್ಪಾಳೆ.

ಆ ಮೂರು ಸೆಕೆಂಡು ಇವಳು ಮಾತಾಡುತ್ತಿದ್ದಾಳೆ.

ಹುಡುಕಿ ಹುಡುಕಿ ಗುರುತು ಹಾಕಿದೆ. ಮೊದಲ ಆರು ನಾಟಕದಲ್ಲೇ ನೂರ ನಲವತ್ತು ಸಲ. ಪತ್ರಿಕೆಯವರು ನನ್ನ ಮೌನಗಳನ್ನು ಹೊಗಳಿ ಬರೆದದ್ದನ್ನು ಫ್ರೇಮ್ ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದೆ. ಇವತ್ತು ಇಳಿಸಿ ಅಟ್ಟದ ಮೇಲಿಟ್ಟೆ.

ಏಪ್ರಿಲ್ 8. ಸಂಜೆ 5

ಮೂರನೇ ನಾಟಕ ಓಡುತ್ತಿತ್ತು. ಹೆಡ್‌ಫೋನ್ ಹಾಕಿರಲಿಲ್ಲ. ಇವಳು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಒಂಬತ್ತು ದಿನದ ಮೇಲೆ.

ಸ್ಕ್ರೀನಿನಲ್ಲಿ ನಾನು ಮಗಳನ್ನು ಕಳೆದುಕೊಂಡ ಅಂಬಿಗ. ಹುಟ್ಟು ಎತ್ತಿ ಹಿಡಿದು “ಈ ನದಿಯನ್ನು ಕೇಳುತ್ತೇನೆ” ಎಂದವನು ನಿಂತುಬಿಟ್ಟೆ. ಮೌನ.

ಇವಳ ಕಡೆ ತಿರುಗಿದೆ. ತುಟಿ ಆಡುತ್ತಿತ್ತು. ಆ ಸಾಲು. ಇಪ್ಪತ್ತು ವರ್ಷದ ಮೇಲೂ ಇವಳಿಗೆ ನೆನಪಿದೆ. ಉಸಿರು ಆಪರೇಷನ್ನಿನಲ್ಲಿ ಕತ್ತಿಗೆ ಕೂರಿಸಿದ ಕೊಳವೆಯಿಂದ ಹೋಗುತ್ತದೆ, ತುಟಿಗೆ ಬರುವುದಿಲ್ಲ. ಏನೆಂದಳೋ ಅಷ್ಟರಲ್ಲಿ ಸ್ಕ್ರೀನಿನಲ್ಲಿ ನಾನು ಅಬ್ಬರಿಸಿಬಿಟ್ಟೆ.

ನಿಲ್ಲಿಸಿದೆ. ಹಿಂದಕ್ಕೆ ಎಳೆದೆ. ನನ್ನ ಸದ್ದನ್ನು ಪೂರ್ತಿ ಇಳಿಸಿದೆ.

“ಇನ್ನೊಂದ್ಸಲ ಹೇಳೇ. ನಂಗೆ ಗೊತ್ತಾಗ್ಲಿಲ್ಲ.”

ನನ್ನನ್ನೇ ನೋಡಿದಳು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಹೇಳಿದಳು. ಮೊದಲ ಪದ ‘ನನ್ನ’ ಇರಬೇಕು. ಎರಡನೆಯದು ತಿಳಿಯಲಿಲ್ಲ. ತಲೆಯಾಡಿಸಿದೆ. ಮತ್ತೆ ಹೇಳಿದಳು, ಬಿಡಿಸಿ ಬಿಡಿಸಿ, ನಾನು ಅವಳ ತುಟಿಗೇ ಕಣ್ಣು ನೆಟ್ಟು ಒಂದೊಂದೇ ಪದವನ್ನು ನನ್ನ ಬಾಯಲ್ಲಿ ಹೇಳಿ ನೋಡುತ್ತ ಹೋದೆ.