ತೊಂಬತ್ತಾರು ಲಕ್ಷದ ಅವಿಭಾಜ್ಯ

ನವೆಂಬರ್ 18, ಸೋಮವಾರ

ಮೂರನೇ ಸಲ ಫ್ಲೆಕ್ಸ್ ಅಂಗಡಿ. ಮನೋಜ್ ಮತ್ತೆ ಕಾಮಾ ತಪ್ಪು ಜಾಗದಲ್ಲಿ ಹಾಕಿದ್ದಾನೆ. "ಯಾರ್ ನೋಡ್ತಾರೆ ಬಿಡಿ ಮೇಡಂ" ಅನ್ನುತ್ತಾನೆ. ತಲೆ ಕೆಟ್ಟುಹೋಯಿತು. ಶುಕ್ರವಾರ ಶಾಲೆಯಲ್ಲಿ ಗಣಿತ ಮೇಳ. ಫ್ಲೆಕ್ಸ್ ತುಂಬ ನಾನು ಆರಿಸಿದ ಸಂಖ್ಯೆ: 96,99,691. ಬೆಸ. ವರ್ಗಸಂಖ್ಯೆ ಅಲ್ಲ. ಅವಿಭಾಜ್ಯ — ಒಂದು ಮತ್ತು ತಾನು ಬಿಟ್ಟರೆ ಯಾವುದರಿಂದಲೂ ಭಾಗವಾಗದು. ಎರಡರಿಂದ ಹತ್ತೊಂಬತ್ತರವರೆಗಿನ ಎಂಟೂ ಅವಿಭಾಜ್ಯಗಳನ್ನು ಗುಣಿಸಿ ಒಂದು ಕೂಡಿಸಿದರೆ ಹೊಸ ಅವಿಭಾಜ್ಯ. ಇಪ್ಪತ್ತೊಂದು ವರ್ಷದಿಂದ ಹೇಳಿಕೊಡುತ್ತಿದ್ದೇನೆ.

ನವೆಂಬರ್ 19

ಒಂಬತ್ತನೇ ಕ್ಲಾಸಿನ ಬಿಂದುಶ್ರೀ. ಫ್ಲೆಕ್ಸ್ ಪಕ್ಕ ನಿಂತು ವಿವರಿಸಬೇಕಾದವಳು. ರಿಹರ್ಸಲ್‌ನಲ್ಲಿ, ಎಲ್ಲರ ಮುಂದೆ — "ಮಿಸ್, ಇದು ಪ್ರೈಮ್ ಅಲ್ಲ. ಮುನ್ನೂರ ನಲವತ್ತೇಳರಿಂದ ಹೋಗುತ್ತೆ."

"ಎಲ್ಲೋ ಶೇಷ ನುಂಗಿದೀಯ. ಕೂತ್ಕೊ."

"ಮಿಸ್, ನೋಟ್ಸ್ ನೋಡಿ..."

ನೋಡಲಿಲ್ಲ. ಗೇಣುದ್ದದ ಹುಡುಗಿ ನನಗೆ ಭಾಗಾಕಾರ ಕಲಿಸುತ್ತಾಳೆ. ಅವಳನ್ನು ತೆಗೆದು ರವಿಕಿರಣನನ್ನು ಹಾಕಿದೆ. ಅವನು ಪ್ರಶ್ನೆ ಕೇಳುವುದಿಲ್ಲ.

ನವೆಂಬರ್ 21, ಬೆಳಿಗ್ಗೆ 6:40

ಅವಳ ತಪ್ಪನ್ನು ಕೆಂಪು ಶಾಯಿಯಲ್ಲಿ ತೋರಿಸೋಣವೆಂದು ಹಾಲು ಕಾಯಲಿಟ್ಟು 347ರಿಂದ ಭಾಗಿಸಲು ಕೂತೆ. 27,953. ಶೇಷ ಸೊನ್ನೆ. ಇನ್ನೊಮ್ಮೆ. ಸೊನ್ನೆ. ಹಾಲು ಉಕ್ಕಿ ಒಲೆಯೆಲ್ಲ ರಾಡಿ.

ಆ ಎಂಟು ಅವಿಭಾಜ್ಯಗಳಿಂದ ಭಾಗವಾಗದು, ಅಷ್ಟೇ ನಿಜ. ಬೇರೆ ಯಾವುದೂ ಭಾಗಿಸಬಾರದು ಅಂತ ಯಾರು ಹೇಳಿದರು? ನಾನೇ. 347 ಅರವತ್ತೊಂಬತ್ತನೇ ಅವಿಭಾಜ್ಯ. ಅಲ್ಲಿಯವರೆಗೂ ಬಿಡದೆ ಭಾಗಿಸಿದ್ದಾಳೆ. ನಾಚಿಕೆಯಾಗುತ್ತಿದೆ.

ಅದೇ ದಿನ, ಸಂಜೆ

ಹೆಡ್ ಮಾಸ್ಟರ್ ಸೋಮನಾಥ್ ಸಾರ್‌ಗೆ ಹೇಳಿದೆ. "ಬಿಡಿ ಇಂದ್ರಾಣಿ ಮೇಡಂ, ಮೇಳಕ್ಕೆ ಬರೋರು ಭಾಗಿಸ್ತಾ ಕೂರ್ತಾರಾ?" ಮನೋಜನ ಮಾತೇ, ಟೈ ಕಟ್ಟಿಕೊಂಡು ಬಂದಿದೆ.

ಬಿಂದು ಎರಡು ದಿನದಿಂದ ಶಾಲೆಗಿಲ್ಲ. ಹೊಸಕೆರೆಹಳ್ಳಿಯ ಅವಳ ಮನೆಗೇ ಹೋದೆ. ತಾಯಿ ಮಂಗಮ್ಮ ಬಾಗಿಲು ತೆಗೆದರು. "ಜ್ವರ ಗಿರ ಏನಿಲ್ಲ ಮಿಸ್. ಲೆಕ್ಕ ನಂಗ್ ಬರಲ್ಲ, ಇನ್ಮೇಲೆ ಮಾಡಲ್ಲ ಅಂತ ಕೂತವ್ಳೆ."

ಬಿಂದು ಬಂದು ಗೋಡೆಗೆ ಒರಗಿ ನಿಂತಳು.

"ತಪ್ಪು ನಂದು ಕಣೆ. ನಿಂದೇ ಸರಿ. ನಾಳೆ ನೀನೇ ನಿಂತ್ಕೋಬೇಕು. 'ಅವಿಭಾಜ್ಯ' ಹೊಡೆದುಹಾಕಿ 347 × 27,953 ಅಂತ ನೀನೇ ಬರಿ."

ಬಿಂದು ಒಳಗೆ ಹೋಗಿ ಹಳೇ ನೋಟ್‌ಬುಕ್ ತಂದಳು. ಅವಳ ಅಕ್ಕನದು. ಎಂಟು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿದ್ದವಳು, ಈಗ ಜೆಪಿ ನಗರದ ಶಾಲೆಯಲ್ಲಿ ಲೆಕ್ಕದ ಮಿಸ್. ಗುಣಿಸಿ ಒಂದು ಕೂಡಿಸಿದರೆ ಹೊಸ ಅವಿಭಾಜ್ಯ — ಅದೇ ಸಾಲು. ಪಕ್ಕದಲ್ಲಿ ನನ್ನ ಕೆಂಪು ಟಿಕ್. ವೆರಿ ಗುಡ್.

"ನಾಳೆ ಬರ್ತೀನಿ ಮಿಸ್. ಆದ್ರೆ ಅಕ್ಕನೂ ಅವ್ಳ ಕ್ಲಾಸಿನ ಮಕ್ಕಳಿಗೆ ಇದನ್ನೇ ಹೇಳ್ಕೊಡ್ತಾಳೆ. ಅವರಿಗೆಲ್ಲ ಯಾರು ಹೇಳೋದು?"

ಇಪ್ಪತ್ತೊಂದು ಬ್ಯಾಚ್. ಬ್ಯಾಚಿಗೆ ನಲವತ್ತು ಅಂದರೂ ಎಂಟುನೂರ ನಲವತ್ತು. ಅವರಲ್ಲಿ ಟೀಚರ್ ಆದವರು ಹತ್ತು ಜನ ಅಂದುಕೊಂಡರೆ, ಒಬ್ಬೊಬ್ಬರಿಗೂ ವರ್ಷಕ್ಕೆ ನಲವತ್ತು...