ಮೂಡಗಾಳಿಯಲ್ಲಿ ಕಟ್ಟಿದ ಗೂಡು

ಬೈರಾಪಟ್ಟಣ
೨೧–೧೨–೧೯೮೬, ಭಾನುವಾರ

ಯಜಮಾನರಿಗೆ ಚಿಕ್ಕತಾಯಿ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವು ಚೆನ್ನಾಗಿದ್ದೀರಾ ಎಂದು ಕೇಳುವುದು ವಾಡಿಕೆ, ಅದಕ್ಕೆ ಕೇಳಿದ್ದೇನೆ. ನಿಮ್ಮ ಕಾಗದ ಬುಧವಾರ ಕೈಸೇರಿತು. ವರ್ಷಕ್ಕೊಂದು ಕಾಗದ! ಅದರಲ್ಲೂ ಅರ್ಧ ಅತ್ತೆಯವರ ಮಾತು, ಉಳಿದರ್ಧ ರೇಡಿಯೋದವರ ಮಾತು. ಇನ್ನೆರಡು ದಿನದಲ್ಲಿ ಗಾಳಿ ನಿಲ್ಲುತ್ತದಂತೆ, ಒಣ ಹವೆಯಂತೆ, ಬಸ್ಸು ಹತ್ತಲು ತೊಂದರೆಯಿಲ್ಲವಂತೆ. ಸ್ವಾಮಿ, ಇವತ್ತಿಗೂ ಇಲ್ಲಿ ಮೂಡಗಾಳಿ ಬೀಸುತ್ತಲೇ ಇದೆ. ಬಾಗಿಲು ಹಾಕಿಕೊಂಡು, ಕಿವಿಗೆ ಸೆರಗು ಬಿಗಿದುಕೊಂಡು ಬರೆಯುತ್ತಿದ್ದೇನೆ. ಬೆರಳು ಮರಗಟ್ಟಿ ಅಕ್ಷರ ಸೊಟ್ಟಗಾಗಿದ್ದರೆ ನಿಮ್ಮ ರೇಡಿಯೋದವರನ್ನೇ ಕೇಳಿ.

ಸಂಕ್ರಾಂತಿಯೊಳಗೆ ಕೂಟಗಲ್ಲಿಗೆ ಬಾ ಎಂದು ಬರೆದಿದ್ದೀರಿ. ಬಂದವಳು ಸುಮ್ಮನೆ ಒಳಗೆ ಬರುವಂತಿಲ್ಲ. ಹೊಸಿಲಾಚೆ ನಿಂತು ಮನೆದೇವರಿಗೆ ಕೈಮುಗಿದು, ಹೋದ ವರ್ಷ ಮುಟ್ಟಾಗಿದ್ದನ್ನು ಮುಚ್ಚಿಟ್ಟು ರೇಷ್ಮೆಹುಳುಮನೆಗೆ ಹೋದೆ, ಅದಕ್ಕೇ ಬೆಳೆ ಕೆಟ್ಟಿತು, ತಪ್ಪಾಯಿತು ಎನ್ನಬೇಕು. ಅತ್ತೆ ತೀರ್ಥ ಕೊಡುತ್ತಾರೆ. ಆಮೇಲೆ ಎಲ್ಲಾ ಮೊದಲಿನಂತೆ.

ಅನ್ನುವುದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಕೊನೆತನಕ ಕಾಯುವ ಕಷ್ಟ ನಿಮಗೆ ಬೇಡ. ಆದರೂ ಕೊನೆತನಕ ಓದಿ.

ಹೋದ ವರ್ಷದ ಆ ಸಂಜೆ ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಹುಳು ಹಣ್ಣಾಗಿದ್ದವು. ಮೈ ಹಳದಿಗೆ ತಿರುಗಿ, ಸೊಪ್ಪು ಬಿಟ್ಟು, ಗೂಡು ಕಟ್ಟಲು ಜಾಗ ಹುಡುಕುತ್ತ ತಲೆ ಆಡಿಸುತ್ತಿದ್ದವು. ಎಲ್ಲರೂ ಕೂತು ಆರಿಸಿ ಚಂದ್ರಿಕೆಗಳಿಗೆ ಬಿಟ್ಟೆವು. ಬಿದಿರು ತಟ್ಟಿಯ ಆ ಚಂದ್ರಿಕೆಗಳನ್ನು ಒಳಗೇ ನಿಲ್ಲಿಸುವುದೋ, ಅಂಗಳದ ಚಪ್ಪರಕ್ಕೆ ಒಯ್ಯುವುದೋ ಎಂಬ ಮಾತು ಬಂತು. ನಾನು, "ಮೂಡಗಾಳಿ ಎದ್ದೈತೆ, ಇವತ್ತೊಂದಿನ ಒಳಗೇ ಇರ್ಲಿ" ಅಂದೆ. ನನಗೇನೂ ಹವಾಮಾನದ ವಿದ್ಯೆ ಗೊತ್ತಿರಲಿಲ್ಲ. ಚಳಿಯಾಯಿತು, ಅಂದೆ, ಅಷ್ಟೇ. ನೀವು ರೇಡಿಯೋ ಕಿವಿಗೆ ಹಿಡಿದುಕೊಂಡು, "ದಕ್ಷಿಣ ಒಳನಾಡಲ್ಲಿ ಒಣ ಹವೆ ಅಂತ ಈಗ ತಾನೇ ಹೇಳವ್ರೆ. ಗಾಳಿಯಾಡಿದ್ರೆ ಗೂಡು ಗಟ್ಟಿಯಾಯ್ತದೆ. ನೀನು ಒಸಿ ಸುಮ್ಕಿರು" ಅಂದಿರಿ. ಎಲ್ಲಾ ಚಂದ್ರಿಕೆ ಅಂಗಳಕ್ಕೆ ಹೋದವು.

ಬೆಳಗಾಗುವಷ್ಟರಲ್ಲಿ ಸೋನೆ, ಮೇಲೆ ಆ ಹಾಳು ಗಾಳಿ. ಹುಳುಗಳು ಇದ್ದಲ್ಲೇ ಸೆಟೆದುಕೊಂಡಿದ್ದವು. ಕೆಲವು ಒಂದೆರಡು ಎಳೆ ಬಿಟ್ಟು ಸುಮ್ಮನಾಗಿದ್ದವು. ತಿಂಗಳೊಪ್ಪತ್ತು ನಿದ್ದೆಗೆಟ್ಟು ಸಾಕಿದ ಹುಳುಗಳನ್ನು ಗುದ್ದಲಿ ಹಿಡಿದು ತಿಪ್ಪೆಗೆ ಎಳೆದ ಕೈ ನನ್ನದೇ.

ಅತ್ತೆಯವರು ಆಕಾಶ ನೋಡಲಿಲ್ಲ, ನಿಮ್ಮ ರೇಡಿಯೋ ನೋಡಲಿಲ್ಲ, ನೆಟ್ಟಗೆ ನನ್ನ ಮುಖ ನೋಡಿದರು. "ಮುಟ್ಟಾದೋಳು ಒಳೀಕೆ ಬಂದವ್ಳೆ. ಇಲ್ದಿದ್ರೆ ಹಿಂಗಾಯ್ತಿತ್ತಾ?" ಅಂದರು. ನಾನು ನಿಮ್ಮ ಕಡೆ ತಿರುಗಿದೆ. ನೀವು ಎತ್ತಿಗೆ ಹುಲ್ಲು ಹಾಕಲು ಹೋದಿರಿ!

ಅಯ್ಯೋ ದೇವರೇ, ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನಿಮಗೆ ಗೊತ್ತಿತ್ತಲ್ಲ. ಅದರ ಹಿಂದಿನ ವಾರ ಅತ್ತೆಯವರು ಮಾಗಡಿಯಲ್ಲಿ ಮಗಳ ಮನೆಗೆ ಹೋಗಿದ್ದರು. ನಾನು ಹೊರಗಾಗಿ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಕೂತಿದ್ದೆ. ಮುದ್ದೆ ತಟ್ಟೆ ತಂದುಕೊಡುತ್ತಿದ್ದವರು ನೀವು. ಮೊದಲ ದಿನ ದೂರದಿಂದ ಜಾರಿಸಿದಿರಿ. ಮಾರನೆಯ ದಿನ ಆಚೀಚೆ ನೋಡಿ, ಯಾರೂ ಇಲ್ಲವೆಂದು ಪಕ್ಕದಲ್ಲೇ ಕೂತು, ನನ್ನ ತಟ್ಟೆಯಿಂದ ಒಂದು ತುತ್ತು ಕಿತ್ತುಕೊಂಡು ನಕ್ಕಿರಿ. ನನಗೆ ಆ ನಗು ಎಷ್ಟು ಇಷ್ಟವಾಗಿತ್ತೆಂದರೆ, ಇಡೀ ವರ್ಷ ಸಿಟ್ಟು ಆರಿದಾಗಲೆಲ್ಲ ಅದನ್ನೇ ನೆನೆದು ಮತ್ತೆ ಸಿಟ್ಟು ಮಾಡಿಕೊಂಡಿದ್ದೇನೆ.

ಸ್ನಾನ ಮಾಡಿ ಒಳಗೆ ಬಂದು ವಾರ ತುಂಬುವ ಮೊದಲೇ ಮತ್ತೆ ಹೊರಗಾಗಲು ನಾನೇನು ಲೋಕದಲ್ಲಿಲ್ಲದವಳೇ? ನೀವು ಒಂದು ಮಾತು, ಒಂದೇ ಮಾತು, "ಇಲ್ಲ ಕಣವ್ವ, ಹೋದ ವಾರವೇ ಆಗಿತ್ತು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ತಪ್ಪಿಲ್ಲ ಎಂದರೆ ಮತ್ತೆ ಯಾರ ತಪ್ಪು ಎಂಬ ಪ್ರಶ್ನೆ ಏಳುತ್ತಿತ್ತು. ಚಂದ್ರಿಕೆ ಆಚೆ ಇಡಿಸಿದವರು ಯಾರು ಎಂದು ಊರೇ ಕೇಳುತ್ತಿತ್ತು. ರೇಡಿಯೋ ಬೋರಲಿಂಗಯ್ಯ ಎಂದು ಅಡ್ಡಹೆಸರು ಬೀಳುತ್ತಿತ್ತು. ಅದರ ಬದಲು ಹೆಂಡತಿ ತವರಿಗೆ ಹೋಗಲಿ ಎಂದು ಸುಮ್ಮನಾದಿರಿ. ಇದನ್ನು ನಾನು ಯಾರಿಗೂ ಹೇಳಿಲ್ಲ, ಅಪ್ಪನಿಗೂ ಹೇಳಿಲ್ಲ. ಅಳಿಯನ ಮೇಲೆ ಅಪ್ಪನಿಗೆ ಮೊದಲೇ ಅಷ್ಟಕ್ಕಷ್ಟೇ.

ಇನ್ನು ಈ ವರ್ಷದ ಮಾತು. ಅಪ್ಪನ ಸೊಪ್ಪಿನ ತೋಟ ಚೆನ್ನಾಗಿ ಚಿಗುರಿತ್ತು. ನಾನೇ ಹಠ ಮಾಡಿ ಮೊಟ್ಟೆ ತರಿಸಿದೆ. ನಮ್ಮವ್ವ ಮಾರಕ್ಕನ ಸ್ವಭಾವ ನಿಮಗೆ ಗೊತ್ತು, ಎಲ್ಲದಕ್ಕೂ ಹೆದರಿಕೆ. "ಈ ಸಲಾನೂ ಕೆಟ್ರೆ ನಿನ್ನ ಹೆಸರು ಯಾವತ್ತಿಗೂ ಹಂಗೇ ಉಳ್ಕತದೆ ಕಣೇ ತಾಯಿ, ಬ್ಯಾಡ" ಎಂದು ಬೇಡಿಕೊಂಡಳು. ಅದಕ್ಕೇ ಬೇಕು ಎಂದೆ.

ಹುಳು ಕೊನೆಯ ಸಲ ಪೊರೆ ಬಿಡಲು, ಸೊಪ್ಪು ತಿನ್ನದೆ ನಾಲ್ಕನೇ ಜ್ವರಕ್ಕೆ ಕೂತಿದ್ದವು, ಅವತ್ತೇ ಶುರುವಾಯಿತು ನೋಡಿ ಗಾಳಿ. ಮೂಡಲ ಕಡೆಯಿಂದ ಬಂದಿದ್ದು ಬಂದ ಹಾಗೇ ನಿಂತಿತು. ರೇಡಿಯೋ ಮೊದಲು ಒಣ ಹವೆ ಎಂದಿತು, ಸೋನೆ ಹಿಡಿಯಿತು. ಆಮೇಲೆ ಚಂಡಮಾರುತ, ಭಾರಿ ಮಳೆ ಎಂದಿತು, ಒಂದು ಹನಿ ಬೀಳಲಿಲ್ಲ. ನೀವು ಬೀಗಬೇಡಿ, ನಮ್ಮ ಕಡೆಯವರೂ ಅಷ್ಟೇ. ಪಂಚಾಂಗ ನೋಡುವ ಮುನಿಶಾಮಯ್ಯನವರು ಅಮಾವಾಸ್ಯೆಗೆ ಗಾಳಿ ತಿರುಗುತ್ತದೆ ಎಂದರು, ತಿರುಗಲಿಲ್ಲ. ಅಪ್ಪ ತನ್ನ ಮಂಡಿನೋವು ನಿಂತಿದೆ, ಇನ್ನು ಬಿಸಿಲು ಗ್ಯಾರಂಟಿ ಎಂದರು. ಮಂಡಿಯೂ ಸುಳ್ಳು ಹೇಳಿತು. ಎಲ್ಲರ ಮಾತೂ ಕೇಳಿ ಸಾಕಾಗಿ, ನಾಳೆ ಏನಾಗುತ್ತದೆ ಎಂದು ಕೇಳುವುದನ್ನೇ ಬಿಟ್ಟೆ. ಇವತ್ತು ಚಳಿಯಿದೆಯೇ, ಇವತ್ತಿಗೆ ಬೆಂಕಿ ಹಾಕು ಎಂದುಕೊಂಡೆ.

ಮೂಡಲ ಕಿಟಕಿಗಳಿಗೆ ಕಂಬಳಿ, ಅದರ ಮೇಲೆ ಗೋಣಿತಾಟು ಜಡಿದೆ. ಅಪ್ಪ ಹೊದೆಯುವ ಕಂಬಳಿಯೂ ಹೋಯಿತು, ಪಾಪ, ಮುದುಕ ಅವ್ವನ ಹಳೆ ಸೀರೆ ಹೊದ್ದು ಮಲಗಿದ. ಪಡುವಲ ಬಾಗಿಲು ಮಾತ್ರ ಗಾಳಿಯಾಡಲು ಒಂದಿಷ್ಟು ತೆರೆದಿಟ್ಟೆ. ಒಡೆದ ಬಾಣಲಿಗಳಲ್ಲಿ ಇದ್ದಿಲ ಕೆಂಡ ತುಂಬಿ ಮೂಲೆಮೂಲೆಗೆ ಇಟ್ಟೆ. ಹೊಗೆ ಹುಳುವಿಗೆ ಆಗದು, ಆದ್ದರಿಂದ ಹೊರಗೆ ಊದಿ ಊದಿ ನಿಗಿನಿಗಿ ಮಾಡಿ ಒಳಗೆ ಒಯ್ಯಬೇಕು. ಒದ್ದೆ ಸೊಪ್ಪನ್ನು ಒಂದೊಂದೇ ಕಡ್ಡಿ ಒರೆಸಿದೆವು. ಬೀದಿಯ ಹೆಂಗಸರು ಇಣುಕಿ, "ಬಾಣಂತಿ ಕೋಣೆನಾ ಇದು?" ಎಂದು ಆಡಿಕೊಂಡರು. "ಹೂಂ ಕಣ್ರವ್ವ, ಸಾವಿರಾರು ಮಕ್ಕಳು, ಬಂದು ಎಣ್ಣೆ ನೀರು ಹಾಕಿ" ಎಂದೆ.

ಹಣ್ಣಾದ ಮೇಲೆ ಒಂದು ಚಂದ್ರಿಕೆಯನ್ನೂ ಆಚೆ ಇಡಲಿಲ್ಲ. ನಾವು ಮೂವರು ಅಂಗಳದಲ್ಲಿ ಮಲಗಿ, ಮನೆಯನ್ನು ಚಂದ್ರಿಕೆಗಳಿಗೆ ಬಿಟ್ಟುಕೊಟ್ಟೆವು.

ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ನಾನೇ ಹೋದೆ. ನೂಲು ಬಿಚ್ಚಿಸುವ ರೀಲರ್ ಇದ್ರೀಸ್ ಸಾಬರು ರಾಶಿಯೊಳಗೆ ಮೊಣಕೈತನಕ ಕೈ ಇಳಿಸಿ, ಒಂದು ಗೂಡು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಬೇರೆಯವರನ್ನು ಕೂಗಿ ಕರೆದರು. "ಈ ಗಾಳೀಲಿ ಇಂಥಾ ಗೂಡು ಎಲ್ಲಿಂದ ತಂದ್ಯಮ್ಮಾ? ಬೆಳಗಿನಿಂದ ಬರೀ ಪೊಳ್ಳು ನೋಡಿ ನೋಡಿ ಸಾಕಾಗೋಗಿತ್ತು" ಎಂದರು. ಯಾರೂ ನೋಡದ ಕಡೆ ತಿರುಗಿ ಸೆರಗಲ್ಲಿ ಕಣ್ಣೊರೆಸಿಕೊಂಡೆ. ನಿಮಗೂ ಅತ್ತೆಯವರಿಗೂ ಸುದ್ದಿ ತಲುಪಿದ್ದು ಅಲ್ಲಿಂದಲೇ ಇರಬೇಕು.

ಸಂತೋಷ ಪಡುತ್ತೀರಿ ಎಂದುಕೊಂಡಿದ್ದೆ. ನಿಮ್ಮ ಕಾಗದದಲ್ಲಿ ಏನಿತ್ತು? "ಅವ್ವ ಹೇಳುತ್ತಾಳೆ, ಈ ಸಲ ನೀನು ಮಡಿಮೈಲಿಗೆ ನೋಡಿಕೊಂಡು ಸಾಕಿದ್ದೀಯೆ, ಅದಕ್ಕೇ ಈ ಗಾಳಿಯಲ್ಲೂ ಬೆಳೆ ಕೈಹಿಡಿದಿದೆ, ಹೋದ ವರ್ಷ ನಡೆದದ್ದಕ್ಕೆ ಇದೇ ಸಾಕ್ಷಿ." ಬೆಳೆ ಕೆಟ್ಟರೂ ನಾನೇ ಅಪರಾಧಿ, ಬೆಳೆ ಆದರೂ ನಾನೇ ಅಪರಾಧಿ! ಜೊತೆಗೆ, ಬೆಳೆಯಾದಾಗಲೆಲ್ಲ ನಿಮ್ಮ ಮನೆಯಲ್ಲಿ ಮಾಡುವಂತೆ ಮೊದಲ ಗೂಡುಗಳ ಹಾರ ಪೋಣಿಸಿ ಮನೆದೇವರಿಗೆ ಕಳಿಸಬೇಕಂತೆ.

ಕಳಿಸಿದ್ದೇನೆ. ಮಾರುಕಟ್ಟೆಗೆ ಒಯ್ಯುವ ಮೊದಲೇ ಎತ್ತಿಟ್ಟಿದ್ದರಲ್ಲಿ ಆರಿಸಿ ಆರಿಸಿ, ಒಂದೇ ಗಾತ್ರದವನ್ನು ಪೋಣಿಸಿದ್ದೇನೆ. ಅಪ್ಪನಿಗೆ ಹೇಳಿದ್ದೇನೆ, ಹಾರವನ್ನು ಮೊದಲು ಅತ್ತೆಯವರ ಕೈಗೆ ಕೊಟ್ಟು, ಅವರು ದೇವರಿಗೆ ಹಾಕಿದ್ದನ್ನು ನೋಡಿ, ಊಟ ಮಾಡಿ, ಹೊರಡುವಾಗ ಈ ಕಾಗದ ನಿಮ್ಮ ಕೈಗೆ ಕೊಡಬೇಕೆಂದು. ಅಪ್ಪನಿಗೆ ಹುರುಳಿಸಾರು ಎಂದರೆ ಪ್ರಾಣ, ಊಟಕ್ಕೆ ಮಾಡಿಸಿದ್ದೀರಿ ಎಂದುಕೊಂಡಿದ್ದೇನೆ. ಎರಡು ದಿನದಲ್ಲಿ ಗಾಳಿ ನಿಲ್ಲುತ್ತದೆ ಎಂದು ಅವರಿಗೂ ಹೇಳಿ ಕಂಬಳಿಯಿಲ್ಲದೆ ಕಳಿಸಿಬಿಡಬೇಡಿ.

ನನಗೆ ಕೂಟಗಲ್ಲಿನ ಮನೆ ಬೇಡವೆಂದಲ್ಲ. ಬೇಕು. ನೀವೂ ಬೇಕು, ಏನು ಮಾಡಲಿ! ಆದರೆ ಮಾಡದ ತಪ್ಪನ್ನು ಬಾಯಲ್ಲಿ ಇಟ್ಟುಕೊಂಡು ಆ ಹೊಸಿಲು ದಾಟುವುದಿಲ್ಲ. ಇಲ್ಲೇ ಮೂಡಗಾಳಿಗೆ ಮುಖ ಕೊಟ್ಟು ಇನ್ನೂ ಹತ್ತು ಬೆಳೆ ತೆಗೆದೇನು.

ಇಂತಿ,
"ನಿಮ್ಮ" ಎಂದು ಬರೆಯುವುದನ್ನು ಸದ್ಯಕ್ಕೆ ತಡೆದಿಟ್ಟುಕೊಂಡಿರುವ
ಚಿಕ್ಕತಾಯಮ್ಮ

ತಾ. ಕ.: ಈಗ ಒಮ್ಮೆ ತಲೆ ಎತ್ತಿ ದೇವರ ಪಟ ನೋಡಿ. ಹಾರ ಅಲ್ಲಿರಬೇಕು. ಹೋದ ವರ್ಷ ನಾನು ಮುಟ್ಟಾಗಿರಲಿಲ್ಲ. ಈ ವರ್ಷ ಆಗಿದ್ದೆ. ಹುಳು ನಾಲ್ಕನೇ ಜ್ವರದಿಂದ ಎದ್ದ ಮಾರನೆಯ ದಿನ. ಹೊರಗೆ ಕೂರಲಿಲ್ಲ. ಸೊಪ್ಪು ಒರೆಸಿ ಹಾಕಿದ್ದು, ಕೆಂಡ ಒಯ್ದದ್ದು, ಹಿಕ್ಕೆ ತೆಗೆದದ್ದು ಈ ಕೈಗಳೇ. ನಮ್ಮವ್ವನಿಗೆ ಗೊತ್ತಾಯಿತು. ಬಾಗಿಲಲ್ಲಿ ನಿಂತು ನನ್ನನ್ನೂ ಹುಳುಗಳನ್ನೂ ಬಹಳ ಹೊತ್ತು ನೋಡಿ, "ಕೆಂಡ ಆರ್ತಾ ಐತೆ, ನೋಡ್ಕೊ" ಎಂದಷ್ಟೇ ಹೇಳಿ ಹೋದಳು. ಅತ್ತೆಯವರಿಗೆ ಓದು ಬಾರದು, ಈ ಕಾಗದ ಓದಿ ಹೇಳಬೇಕಾದವರು ನೀವೇ. ಇದನ್ನೂ ಹೇಳಿ, ಹೋದ ವರ್ಷ ನುಂಗಿಕೊಂಡ ಮಾತನ್ನೂ ಹೇಳಿ. ಎರಡನ್ನೂ ಹೇಳಿದ ಮೇಲೂ ಹಾರ ಅಲ್ಲೇ ಇದ್ದರೆ, ನನ್ನನ್ನು ಕರೆದುಕೊಂಡು ಹೋಗಲು ಬನ್ನಿ. ಕಿತ್ತು ಬಿಸಾಡಿದರೆ, ಬಿಸಾಡಿದ ಕಡೆಯಿಂದ ಆರಿಸಿಕೊಂಡು ನೀವೊಬ್ಬರೇ ಬನ್ನಿ. ಹೇಳದೆಯೇ ಉಳಿದರೆ ಮಾತ್ರ ಬರಬೇಡಿ.