ನಿಮ್ಮ ಮೀನಿನ ಕೊಳ, ನಮ್ಮ ಮಲಗುಂಡಿ

ಊರಿನ ನೈರ್ಮಲ್ಯದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮ ಮನೆಯ ಸೆಪ್ಟಿಕ್ ಟ್ಯಾಂಕ್ ಉಕ್ಕಿದ ದಿನ ಹೀರುಯಂತ್ರದ ಗಾಡಿ ತಂದು ಖಾಲಿ ಮಾಡಿಕೊಟ್ಟ ಚಾಲಕನನ್ನು ನೀವು ಅಮಾನತು ಮಾಡಿದ್ದೀರಿ. ಆದೇಶದಲ್ಲಿರುವ ಕಾರಣ, ಅನುಮತಿಯಿಲ್ಲದೆ ಕರ್ತವ್ಯದ ಸ್ಥಳ ಬಿಟ್ಟದ್ದು. ಆ ಕರ್ತವ್ಯದ ಸ್ಥಳ ನಿಮ್ಮ ಹಿತ್ತಲಿನ ಬಣ್ಣದ ಮೀನಿನ ಕೊಳ ಎಂಬುದನ್ನು ಬರೆಯಲು ತಮಗೆ ಸಂಕೋಚವಾಗಿರಬೇಕು. ನಿಮ್ಮ ಪರವಾಗಿ ನಾನೇ ಬರೆಯುತ್ತಿದ್ದೇನೆ, ಎಲ್ಲರೂ ಓದುವಂತೆ. ಕೋಪ ಆರಲಿ ಎಂದು ಕಾದೆ. ಆರಲಿಲ್ಲ.

ನಾನು ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಕೂದಲು ಕತ್ತರಿಸಿ, ಬಣ್ಣ ಹಚ್ಚಿ ಬದುಕುವವಳು. ಆ ಬೆಳಿಗ್ಗೆ ನಿವೃತ್ತ ಹೆಡ್‌ಮಿಸ್ಸೊಬ್ಬರ ತಲೆಗೆ ಬಣ್ಣ ಬಳಿದು, ಪ್ಲಾಸ್ಟಿಕ್ ಟೋಪಿ ಹಾಕಿ ಕೂರಿಸಿದ್ದೆ. ತಲೆ ತೊಳೆಯುವ ಬೇಸಿನ್ನು ಗುಳುಗುಳು ಎಂದಿತು. ಅಷ್ಟರಲ್ಲಿ ಹಿಂದಿನಿಂದ ಅತ್ತೆ ಕೂಗಿದರು: "ಏ, ಬೇಗ ಬಾರೇ! ನೀರು ಕೆಳಗೆ ಹೋಗೋ ಬದಲು ಮೇಲಕ್ಕೆ ಬರ್ತಾ ಇದೆ!"

ಬಚ್ಚಲಿನ ಜಾಲರಿಯಿಂದ ಕಪ್ಪು ನೀರು ಉಕ್ಕಿ, ನಡುಮನೆ ದಾಟಿ ಅತ್ತೆಯ ಮಂಚದ ಕಾಲು ಮುಟ್ಟಿತ್ತು. ಸೊಂಟದ ಆಪರೇಷನ್ ಆಗಿರುವ ಅತ್ತೆ ವಾಕರ್ ಹಿಡಿದು ನಡೆಯುವವರು. ಆ ನೀರಲ್ಲಿ ಜಾರಿದ್ದರೆ ಮತ್ತೆ ಏಳುತ್ತಿರಲಿಲ್ಲ. ಹೆಡ್‌ಮಿಸ್ಸೂ ನಾನೂ ಅವರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿ ಅಂಗಳಕ್ಕೆ ತಂದೆವು. ನಲ್ಲಿಗಳನ್ನೆಲ್ಲ ಬಿಗಿದೆ, ಮಾಳಿಗೆಯ ಟ್ಯಾಂಕಿನ ವಾಲ್ವ್ ಮುಚ್ಚಿದೆ. ಇನ್ನು ಮನೆಯಲ್ಲಿ ಒಂದು ಚೊಂಬು ನೀರು ಚೆಲ್ಲುವಂತಿರಲಿಲ್ಲ, ಹೆಡ್‌ಮಿಸ್ಸಿನ ತಲೆ ತೊಳೆಯುವಂತೆಯೂ ಇರಲಿಲ್ಲ.

ಗುಂಡಿ ಏಕೆ ಉಕ್ಕಿತು ಎನ್ನುವಿರಾ? ರಸ್ತೆ ಎತ್ತರಿಸುವಾಗ ನಿಮ್ಮವರೇ, ಟ್ಯಾಂಕಿನ ನೀರು ಇಂಗಬೇಕಾದ ನಮ್ಮ ಇಂಗುಗುಂಡಿಯ ಮೇಲೆ ಕಾಂಕ್ರೀಟ್ ಸುರಿದರು. ಬೇಡವೆಂದು ಬೇಡಿಕೊಂಡಿದ್ದೆ, "ಏನೂ ಆಗಲ್ಲ" ಎಂದಿದ್ದರು. ಆಗಲ್ಲ ಎಂದದ್ದು ಆ ಬೆಳಿಗ್ಗೆ ಮಂಚದ ಕೆಳಗೆ ಬಂದು ನಿಂತಿತ್ತು.

ನಿಮ್ಮ ಕಚೇರಿಗೆ ಫೋನ್ ಮಾಡಿ ದೂರು ಕೊಟ್ಟೆ. ನಿಮ್ಮ ಮೇಲ್ವಿಚಾರಕ ಬೈಕಿನಲ್ಲಿ ಬಂದ. ಹಿಂದೆ ಹಗ್ಗ, ಬಕೆಟ್ ಹಿಡಿದ ಒಬ್ಬ ಕೂಲಿಯವ ಕೂತಿದ್ದ.

"ಗಾಡಿ ಎಲ್ಲಿ?" ಎಂದೆ.

"ಸಾಹೇಬ್ರ ಮನೆಗೆ ಹೋಗಿದೆ. ಇವ್ನೇ ಇಳಿದು ತೆಗೀತಾನೆ ಬಿಡಿ."

ಕೂಲಿಯವ ಅಂಗಿ ಬಿಚ್ಚಿ ಕಾಂಪೌಂಡಿನ ಮೇಲಿಟ್ಟು ಮೂಗಿಗೆ ಟವೆಲ್ ಕಟ್ಟಿಕೊಂಡ. ಒಳಗೆ ವಿಷದ ಗಾಳಿ ಇರುತ್ತದೆ, ಮನುಷ್ಯರನ್ನು ಇಳಿಸುವುದು ಅಪರಾಧ ಎಂದೆ. ಮೇಲ್ವಿಚಾರಕ ಹಲ್ಲು ಬಿಟ್ಟ. ಕೂಲಿಯವನೇ ಮೆಲ್ಲಗೆ ಹೇಳಿದ: "ಇಳೀಲಿಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಕರೆಯಲ್ಲಮ್ಮ."

ಆಗ ಹೆಡ್‌ಮಿಸ್ಸು ಎದ್ದರು. ತಲೆಯ ಮೇಲೆ ಪ್ಲಾಸ್ಟಿಕ್ ಟೋಪಿ, ಕೊರಳಲ್ಲಿ ನನ್ನ ಟವೆಲ್, ಕಿವಿಯ ಹಿಂದೆ ಇಳಿಯುತ್ತಿದ್ದ ಬಣ್ಣ. ತಾವು ಕೂತಿದ್ದ ಕುರ್ಚಿಯನ್ನು ಎಳೆದು ತಂದು ಗುಂಡಿಯ ಮುಚ್ಚಳದ ಮೇಲೆ ಹಾಕಿ ಕೂತರು.

"ಏಳಿ ಮೇಡಂ, ಕೆಲಸಕ್ಕೆ ಅಡ್ಡಿ ಮಾಡ್ಬೇಡಿ," ಎಂದ ಮೇಲ್ವಿಚಾರಕ.

"ಏಳಲ್ಲ. ಅಷ್ಟು ಅವಸರ ಇದ್ರೆ ಮೊದಲು ನೀನಿಳಿ. ಆಗಲ್ವಾ? ಹಾಗಾದ್ರೆ ಬಾಯಿ ಮುಚ್ಕೊಂಡು ಆ ಕಡೆ ನಿಲ್ಲು." ಆಮೇಲೆ ನನ್ನತ್ತ ತಿರುಗಿದರು: "ನೀನು ಹೋಗಿ ಗಾಡಿ ತಗೊಂಡು ಬಾ. ನಾನು ಇಲ್ಲಿಂದ ಅಲ್ಲಾಡಲ್ಲ."

ಸ್ಕೂಟರ್ ಏರಿ ನಿಮ್ಮ ಮನೆಗೆ ಬಂದೆ. ಮರೆತಿದ್ದರೆ ನೆನಪಿಸುತ್ತೇನೆ. ಗೇಟಿನಲ್ಲಿ ಊರಿನ ಗಾಡಿ, ಅದರ ಕೊಳವೆ ನಿಮ್ಮ ಕೊಳದೊಳಗೆ. ತಾವು ಬಿಳಿ ಪ್ಯಾಂಟಿನಲ್ಲಿ, ಮೀನುಗಳನ್ನು ತೆಗೆದಿಟ್ಟ ಟಬ್ಬಿನ ಪಕ್ಕ ಕೂತು ಅವಕ್ಕೆ ಕಾಳು ಹಾಕುತ್ತಿದ್ದಿರಿ. "ಕಚೇರಿ ವೇಳೆಯಲ್ಲಿ ಬನ್ನಿ," ಎಂದಿರಿ. ಇದು ಕಚೇರಿ ವೇಳೆಯೇ ಎಂದೆ. "ಕೊಳ ಪಾಚಿಗಟ್ಟಿ ಮೀನು ಸಾಯ್ತಿವೆ," ಎಂದಿರಿ. ಅಲ್ಲಿ ಗುಂಡಿಗೆ ಇಳಿಸಿದರೆ ಮನುಷ್ಯ ಸಾಯುತ್ತಾನೆ ಎಂದೆ. ತಲೆ ಎತ್ತದೆ ಹೇಳಿದಿರಿ: "ಅವರಿಗೆಲ್ಲ ಅಭ್ಯಾಸ ಇರುತ್ತೆ ಬಿಡಮ್ಮ."

ಅಭ್ಯಾಸ! ವಿಷ ಉಸಿರಾಡುವುದು ಯಾವ ಎದೆಗೆ ಅಭ್ಯಾಸವಾಗುತ್ತದೆ, ಮಾನ್ಯರೇ? ಕತ್ತಲ ಗುಂಡಿಯಲ್ಲಿ ಕುಸಿದವನು ಎಷ್ಟು ಬಾರಿ ಸತ್ತರೆ ಸಾಯುವುದು ರೂಢಿಯಾಗುತ್ತದೆ? ಮೀನಿಗೆ ಉಸಿರು ಕಟ್ಟಿದರೆ ಸರ್ಕಾರಿ ಗಾಡಿ, ಮನುಷ್ಯನಿಗಾದರೆ ಹಗ್ಗ ಮತ್ತು ಬಕೆಟ್. ಈ ನಿಯಮ ಯಾವ ಪುಸ್ತಕದಲ್ಲಿದೆ?

ಕೊಳವೆ ಹಿಡಿದು ನಿಂತಿದ್ದ ಚಾಲಕ ಅಷ್ಟೂ ಕೇಳಿಸಿಕೊಂಡಿದ್ದ. "ಯಾರನ್ನ ಇಳಿಸ್ತಿದಾರಕ್ಕಾ?" ಎಂದ. ಸಣ್ಣ ಆಳು, ಹಣೆಯ ಮೇಲೆ ಗಾಯದ ಗುರುತಿದೆ ಎಂದೆ. ಅವನು ಕೊಳವೆಗೆ ಎರಡೂ ಕೈ ಹಾಕಿದ. "ಅವ್ನು ನನ್ನ ತಂಗಿ ಗಂಡ."

ಒಂದೇ ಎಳೆತಕ್ಕೆ ಕೊಳವೆ ಹೊರಬಂತು. ಕೊಳದ ಕೆಸರು ತಮ್ಮ ಬಿಳಿ ಪ್ಯಾಂಟಿನ ಮೇಲೆ ಎರಚಿದ್ದನ್ನು ಕಣ್ತುಂಬ ನೋಡಿದೆ. ಸುಳ್ಳೇಕೆ, ಸಂತೋಷಪಟ್ಟೆ. ನೀವು ನಿಲ್ಲು ನಿಲ್ಲು ಎಂದು ಕೂಗುತ್ತಲೇ ಇದ್ದಿರಿ.

ನಾವು ಬಂದಾಗಲೂ ಹೆಡ್‌ಮಿಸ್ಸು ಮುಚ್ಚಳದ ಮೇಲೆಯೇ ಇದ್ದರು. ಪಕ್ಕದಲ್ಲಿ ಅತ್ತೆ ಒಂದು ಕೈಯಲ್ಲಿ ವಾಕರ್, ಇನ್ನೊಂದರಲ್ಲಿ ಕೊಡೆ ಹಿಡಿದು ಅವರಿಗೆ ನೆರಳು ಮಾಡಿದ್ದರು. ಮೇಲ್ವಿಚಾರಕ ನಾಪತ್ತೆ. ಚಾಲಕ ತಂಗಿಯ ಗಂಡನ ಅಂಗಿ ತಂದು ಅವನ ಎದೆಗೆ ಒತ್ತಿ, "ಹಾಕ್ಕೊ. ಇನ್ನೊಂದ್ಸಲ ಬಿಚ್ಚಿದ್ರೆ ನೋಡು," ಎಂದ. ಆಮೇಲೆ ಕೊಳವೆ ಇಳಿಸಿದ. ಗುಂಡಿ ಖಾಲಿಯಾಯಿತು, ಯಾರೂ ಇಳಿಯಲಿಲ್ಲ.

ಹೆಡ್‌ಮಿಸ್ಸಿನ ಕೂದಲು ಮಾತ್ರ ಅಚ್ಚ ನೇರಳೆ ಬಣ್ಣಕ್ಕೆ ತಿರುಗಿತ್ತು. ಸರಿಪಡಿಸುತ್ತೇನೆ ಎಂದರೆ ಒಪ್ಪಲಿಲ್ಲ. "ಇರಲಿ ಬಿಡೇ. ಏನಾಯ್ತು ಅಂತ ಎಲ್ಲರೂ ಕೇಳ್ತಾರೆ. ಎಲ್ಲರಿಗೂ ಹೇಳ್ತೀನಿ."

ನಾನೂ ಹೇಳುತ್ತಿದ್ದೇನೆ. ನಿಮ್ಮ ಕಚೇರಿ ನನ್ನ ದೂರನ್ನು "ಮನೆಯಾಕೆ ಸಹಕರಿಸಲಿಲ್ಲ" ಎಂದು ಮುಚ್ಚಿದ ದಿನದಿಂದ, ಬೇಸಿನ್ನಿಗೆ ತಲೆ ಒಡ್ಡಿದ ಪ್ರತಿಯೊಬ್ಬರಿಗೂ ಹೇಳುತ್ತಿದ್ದೇನೆ. ನೊರೆ ತುಂಬಿದ ತಲೆ ಹೊತ್ತು ಎದ್ದುಹೋಗಲು ಯಾರಿಗೂ ಆಗುವುದಿಲ್ಲ. ನಿಮ್ಮ ಮೇಲಧಿಕಾರಿಯ ಸೊಸೆ ಕೇಳಿಯಾಯಿತು. ತಮ್ಮ ಶ್ರೀಮತಿಯವರೂ ಬರುವವರಿದ್ದಾರೆ. ಅವರ ಕೂದಲಿಗೆ ಎಳ್ಳಷ್ಟೂ ಕೇಡಾಗದು, ಅದು ನನ್ನ ವೃತ್ತಿಧರ್ಮ. ಕಿವಿಗಳ ಬಗ್ಗೆ ಭರವಸೆ ಕೊಡಲಾರೆ.

ಆದ್ದರಿಂದ ಚಾಲಕನ ಅಮಾನತು ರದ್ದಾಗಬೇಕು, ಅವನ ತಂಗಿಯ ಗಂಡನಿಗೆ ಕೆಲಸ ತಪ್ಪಬಾರದು. ಇಂಗುಗುಂಡಿಯ ಮೇಲಿನ ಕಾಂಕ್ರೀಟನ್ನು ಸುರಿದವರೇ ಒಡೆಯಬೇಕು. ಇನ್ನು ಮುಂದೆ ಯಾವ ಗುಂಡಿಗೂ ಮನುಷ್ಯನನ್ನು ಇಳಿಸುವುದಿಲ್ಲ ಎಂಬ ಆದೇಶ ನಿಮ್ಮ ಸಹಿಯೊಂದಿಗೆ ಕಚೇರಿಯ ಬಾಗಿಲಿಗೆ ಅಂಟಬೇಕು. ತಿಂಗಳ ಕೊನೆಯವರೆಗೆ ಕಾಯುತ್ತೇವೆ. ಆಮೇಲೆ ನಾವು ಮೂವರು ಹೆಂಗಸರು ನಿಮ್ಮ ಕಚೇರಿಗೆ ಬಂದು ಬಾಗಿಲಿಗೆ ಅಡ್ಡ ಕೂರುತ್ತೇವೆ. ಏಳಿಸಲು ನೀವೇ ಬರಬೇಕು, ಮೇಲ್ವಿಚಾರಕನನ್ನು ಕಳಿಸಬೇಡಿ.

ಇಂತಿ,
ತಮ್ಮ ಕಡತದ ಪ್ರಕಾರ ಸಹಕರಿಸದ, ಇನ್ನು ಮುಂದೆಯೂ ಸಹಕರಿಸುವ ಇರಾದೆಯಿಲ್ಲದ
ಒಬ್ಬ ಮನೆಯಾಕೆ